ಒತ್ತು, ಹಿಡ್ಕೋ, ಬುಡು

ತಿಪಟೂರಿನ ಕೊಬ್ಬರಿ ಮಂಡಿಯ ಮಹಡಿಯಲ್ಲಿ ಕೂತು ಅಮೆರಿಕದವರಿಗೆ ಬೇಸ್‌ಬಾಲ್ ಆಟ ಮಾಡಿಕೊಡುವಾಗ ಎಡವಟ್ಟು ಆಗದಿದ್ದರೇ ಆಶ್ಚರ್ಯ. ಆಗುತ್ತಲೇ ಇದ್ದವು. ಎಲ್ಲ ಹೇಳುವಷ್ಟು ಮಾತು ನನ್ನಲ್ಲಿಲ್ಲ. ಕೆಲವು ಹೇಳುತ್ತೇನೆ.

೧. ಕೆಲಸ ಸಿಕ್ಕಿದ್ದು

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತಿಯಾಗಿ ಬಹಳ ಕಾಲವಾಯಿತು. ಅಕ್ಕನ ಮಗಳು, ಅಂದರೆ ನನಗೆ ಸೋದರಸೊಸೆ, ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದಿ, ಮಂಡಿಯ ಮೇಲೊಂದು ಕೋಣೆ ಹಿಡಿದು ಮೊಬೈಲ್ ಆಟಗಳನ್ನು ಮಾಡುವ ಆಫೀಸು ತೆರೆದಿದ್ದಳು. ಆಫೀಸು ಎಂದರೆ ಅವಳು, ಮತ್ತೆ ತುರುವೇಕೆರೆಯಿಂದ ಬಸ್ಸಿನಲ್ಲಿ ಓಡಾಡುವ ಒಬ್ಬ ಪ್ರೋಗ್ರಾಮರು. ಒಂದು ದಿನ ಮನೆಗೆ ಬಂದಳು.

"ಮಾಮ, ನಿಮಗೆ ಬೇಸ್‌ಬಾಲ್ ಗೊತ್ತಾ?"

"ಇಲ್ಲ."

"ಮೊಬೈಲಲ್ಲಿ ಏನಾದ್ರೂ ಆಡ್ತೀರಾ?"

"ಇಲ್ಲ."

"ಹಂಗಾದ್ರೆ ನಾಳೆಯಿಂದ ಬನ್ನಿ."

ವಿಷಯ ಇಷ್ಟು. ಆಟದಲ್ಲಿ ಚೆಂಡು ಎಸೆಯುವುದು ಮತ್ತು ಹಿಡಿಯುವುದು, ಈ ಎರಡನ್ನು ಮಾತ್ರ ಇವರು ಮಾಡಿಕೊಡಬೇಕು. ಬೇಸ್‌ಬಾಲನ್ನು ಕಂಡೇ ಇಲ್ಲದವರು ಕೂಡ ಯಾರೂ ಹೇಳಿಕೊಡದೆ ಬೆರಳಿನಿಂದ ಎಸೆದು, ಹಿಡಿಯುವಂತಿರಬೇಕು. ಅದಾಗದಿದ್ದರೆ ಫೀಲ್ಡಿಂಗನ್ನು ಯಂತ್ರಕ್ಕೇ ವಹಿಸುತ್ತೇವೆ ಎಂದು ಆಟದ ಮಾಲೀಕ ಹೇಳಿದ್ದ. ಯಂತ್ರಕ್ಕೆ ವಹಿಸಿದರೆ ಉಳಿಯುವ ಎಸೆತವೊಂದರಿಂದ ಆಫೀಸು ನಡೆಯದು. ಬೇರೆ ಕೆಲಸ ಕೈಯಲ್ಲಿರಲಿಲ್ಲ. ಆಫೀಸಿಗೆ ಬೀಗ ಹಾಕಬೇಕಾಗುತ್ತಿತ್ತು. ಅದಕ್ಕೇ ಏನೂ ಗೊತ್ತಿಲ್ಲದ ಒಬ್ಬ ಮನುಷ್ಯ ದಿನವೂ ಬೇಕಾಗಿದ್ದ.

ಹೆಂಡತಿಗೆ ಹೇಳಿದೆ. ಅವಳು ಕಾಯಿ ತುರಿಯುತ್ತಿದ್ದಳು.

"ಏನೂ ಗೊತ್ತಿಲ್ಲ ಅನ್ನೋದಕ್ಕೆ ಸಂಬಳ ಕೊಡ್ತಾರೇನ್ರೀ? ಇಷ್ಟು ವರ್ಷ ಮನೇಲಿ ಪುಕ್ಕಟೆ ಮಾಡಿದ್ರಲ್ಲ."

೨. ಕೀಪರು ಯಾರು?

ಫೀಲ್ಡಿಂಗ್ ಹೀಗಿತ್ತು. ಹೊಡೆದ ಚೆಂಡು ಎಲ್ಲಿ ಬೀಳುತ್ತದೋ ಅಲ್ಲಿ ಬೆರಳಿಟ್ಟರೆ ಆಳು ಓಡಿಹೋಗಿ ಹಿಡಿಯುತ್ತಾನೆ. ಆಮೇಲೆ ಯಾರ ಮೇಲೆ ಬೆರಳಿಡುತ್ತೇವೋ ಅವನಿಗೆ ಎಸೆಯುತ್ತಾನೆ. ಹೊಡೆದವನು ಮೊದಲ ಬೇಸು ಎಂಬ ಗುರುತಿನ ಕಡೆಗೆ ಓಡುತ್ತಿರುತ್ತಾನೆ. ಅವನಿಗಿಂತ ಮುಂಚೆ ಚೆಂಡು ಅಲ್ಲಿದ್ದರೆ ಅವನು ಔಟು.

ನಮ್ಮವರೆಲ್ಲ ಕ್ರಿಕೆಟ್ಟಿನವರು. ಯಾರಿಗೆ ಕೊಟ್ಟರೂ ಚೆಂಡನ್ನು ಬ್ಯಾಟ್ಸ್‌ಮನ್ ಹಿಂದೆ ಕುಕ್ಕರಗಾಲಿನಲ್ಲಿ ಕೂತವನಿಗೇ ಎಸೆಯುತ್ತಿದ್ದರು. ಮಂಡಿಯ ಗುಮಾಸ್ತ ಆಡಿ ಆಡಿ ಸೋತು ತಲೆಯೆತ್ತಿದ.

"ಅಲ್ಲ ಕಣಮ್ಮ, ಹತ್ರದೋನು, ದೂರದೋನು, ಎಲ್ರೂ ಗ್ಲೌಸ್ ಹಾಕ್ಕೊಂಡವ್ರೆ. ಇದ್ರಲ್ಲಿ ಕೀಪರು ಯಾರು?"

"ಎಲ್ರೂ ಗ್ಲೌಸ್ ಹಾಕ್ಕೋತಾರೆ ಅಣ್ಣ. ಇದು ಬೇರೆ ಆಟ."

ಅವನು ಮೊಬೈಲು ವಾಪಸ್ಸು ಕೊಟ್ಟ.

"ಎಲ್ರೂ ಕೀಪರಾದ್ರೆ ಬೌಲಿಂಗ್ ಮಾಡೋ ಕಷ್ಟ ಯಾರಿಗಪ್ಪ?"

೩. ತಿರುಗುವ ಚೆಂಡು

ಎಸೆತ ಹೀಗೆ. ಚೆಂಡಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಸುತ್ತ ಒಂದು ಬಳೆ ಕಾಣಿಸಿ ಚಿಕ್ಕದಾಗುತ್ತಾ ಬರುತ್ತದೆ. ಪೂರ್ತಿ ಚಿಕ್ಕದಾದಾಗ ಬೆರಳು ಎತ್ತಬೇಕು. ಎತ್ತುವಾಗ ಬೆರಳು ಪಕ್ಕಕ್ಕೆ ಜಾರಿಸಿದರೆ ಚೆಂಡು ಗಾಳಿಯಲ್ಲಿ ತಿರುಗುತ್ತದೆ. ಆ ತಿರುವು ನಮ್ಮ ಪೈಕಿ ಯಾರಿಗೂ ಬಂದಿರಲಿಲ್ಲ.

ಕೆಳಗೆ ಕೊಬ್ಬರಿ ಆರಿಸುವ ಹೆಂಗಸೊಬ್ಬಳನ್ನು ಕರೆದು ಮೊಬೈಲು ಕೊಟ್ಟರು. ಮೊದಲ ಎಸೆತವೇ ಹಾವಿನ ಹಾಗೆ ತಿರುಗಿತು. ಎರಡನೆಯದೂ ತಿರುಗಿತು. ಪ್ರೋಗ್ರಾಮರು ಕುರ್ಚಿ ಬಿಟ್ಟು ಎದ್ದ.

"ಅಕ್ಕಾ, ಅದೆಂಗೆ ತಿರುಗಿಸ್ದೆ?"

"ನಾನೆಲ್ಲಿ ತಿರುಗಿಸ್ದೆ? ಅದೇ ಜಾರ್ತದೆ. ಎಣ್ಣೆ ಕೈ ಕಣಪ್ಪ."

ಉಂಡೆ ಕೊಬ್ಬರಿ ಮುಟ್ಟಿದ ಕೈ ಎಂದರೆ ಹಾಗೇ. ಅವನು ಅದನ್ನು ವಿಡಿಯೊ ಮಾಡಿ ಅಮೆರಿಕಕ್ಕೆ ಕಳಿಸಿದ. ಕೆಳಗೆ ಕಾರಣವನ್ನೂ ಬರೆದ. ಮಾರನೆಯ ದಿನ ಮಾಲೀಕನ ಉತ್ತರ ಬಂತು. ಬಹಳ ಗಂಭೀರವಾಗಿತ್ತು. ನಮ್ಮ ಆಟದಲ್ಲಿ ಚೆಂಡಿಗೆ ಎಣ್ಣೆ ಸವರುವುದು ನಿಷಿದ್ಧ, ಆ ಆಟಗಾರ್ತಿಯನ್ನು ಹೊರಗೆ ಹಾಕಬೇಕಾಗುತ್ತದೆ ಎಂದಿದ್ದ.

ಹೆಂಗಸಿಗೆ ತಿಳಿಸಿದೆವು. "ನಾನು ಆವತ್ತೇ ಕೆಳಗೆ ಬಂದೆನಲ್ಲ" ಎಂದಳು.

೪. ನನ್ನ ದನಿ

ಎಲ್ಲರಿಗೂ ಒಂದೇ ತೊಡಕು. ಒತ್ತುತ್ತಿದ್ದರು, ಬಿಡುತ್ತಿರಲಿಲ್ಲ. ಪರದೆಯ ಮೇಲೆ 'ಬಿಡು' ಎಂದು ಬರೆದರೆ ಓದುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಬರಹ ಬೇಡ, ದನಿ ಇರಲಿ ಎಂದಳು ಸೊಸೆ. ಅವಳ ದನಿ ಹಾಕಿದರೆ ಕೆಳಗಿನ ಲಾರಿ ಸದ್ದಿನಲ್ಲಿ ಕೇಳಲಿಲ್ಲ. ನನ್ನನ್ನು ಕೂರಿಸಿದರು.

"ಬುಡು" ಎಂದೆ.

"ಸಾರ್, ಬಿಡು ಅನ್ಬೇಕು" ಎಂದ ಪ್ರೋಗ್ರಾಮರು.

"ಅದನ್ನೇ ಅಂದಿದ್ದು."

"ಇಲ್ಲ ಸಾರ್, ಬುಡು ಅಂದ್ರಿ."

"ಹೌದು, ಬುಡು."

ಅವನು ಬಿಟ್ಟ.

ಮೊದಲು ಆಡಲು ಬಂದವನು ಮಂಡಿಯ ಯಜಮಾನ. ಐವತ್ತು ದಾಟಿದವನು, ನನ್ನ ಹಳೆಯ ವಿದ್ಯಾರ್ಥಿ. ನಾನು ಮೂಲೆಯಲ್ಲಿ ಕೂತಿದ್ದೆ. ಅವನು ಚೆಂಡು ಒತ್ತಿದ. ಮೊಬೈಲಿನಿಂದ ನನ್ನ ದನಿ ಬಂತು, "ಬುಡು." ಅವನು ಮೊಬೈಲನ್ನು ತಟ್ಟನೆ ಮೇಜಿನ ಮೇಲಿಟ್ಟು, ಎದ್ದು, ಕೈ ಕಟ್ಟಿ ನಿಂತ.

"ಯಾಕಣ್ಣ, ಏನಾಯ್ತು?" ಎಂದಳು ಸೊಸೆ.

"ಮೇಷ್ಟ್ರು ಬುಡು ಅಂದ್ರಲ್ಲಮ್ಮ."

ಮಾರನೆಯ ದಿನ ಅವನ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಆ ದನಿಯನ್ನು ತಮ್ಮ ಮೊಬೈಲಿಗೂ ಹಾಕಿಕೊಡಬೇಕಂತೆ. ದಿನಾ ಊಟದ ಹೊತ್ತಿಗೆ ಬೇಕಾಗುತ್ತದಂತೆ.

೫. ಎಸಿ

'ಬುಡು' ಬೇಡ, 'ಎಸಿ' ಅನ್ನಿ ಎಂದರು. ಅಂದೆ. ಅರಳಗುಪ್ಪೆಯಿಂದ ಕೊಬ್ಬರಿ ತಂದಿದ್ದ ರೈತನಿಗೆ ಕೊಟ್ಟರು. ಅವನು ದನಿ ಕೇಳಿ ಸುತ್ತಲೂ ಗೋಡೆ ನೋಡಿದ.

"ಎಸಿ ಎಲ್ಲೈತೆ? ಫ್ಯಾನೇ ತಿರುಗ್ತಾ ಇಲ್ಲ."

ಅವನು ಕೆಳಗಿಳಿದು ಹೋದ. ಮಾಲೀಕ ಕೊಟ್ಟ ಗಡುವು ಹತ್ತಿರವಾಗಿತ್ತು. ಸೊಸೆ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದಳು. ಕೆಳಗೆ ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ಮೇಲಿನವನು ಮೂಟೆ ಜಾರಿಸುತ್ತಿದ್ದ. ಕೆಳಗಿನವನು ಬೆನ್ನು ಕೊಟ್ಟು ಕೂಗುತ್ತಿದ್ದ. "ಹಿಡ್ಕೋ... ಹಿಡ್ಕೋ... ಹಿಡ್ಕೋ... ಬುಡು."

ಸೊಸೆ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ.

ಬಳೆ ಚಿಕ್ಕದಾಗುವ ತನಕ "ಹಿಡ್ಕೋ, ಹಿಡ್ಕೋ", ಆಮೇಲೆ "ಬುಡು." ಆವತ್ತಿನಿಂದ ಯಾರೂ ಮೊಬೈಲು ಕೆಳಗಿಡಲಿಲ್ಲ. ಒಬ್ಬ ಹಮಾಲಿ ಮಾತ್ರ ಎಸೆದ ಮೇಲೆ ಬೆನ್ನು ಬಗ್ಗಿಸಿದ.

೬. ಪರೀಕ್ಷೆ

ಕೊನೆಗೆ ಮಾಲೀಕನೇ ಕಂಪ್ಯೂಟರಿನ ಪರದೆಯಲ್ಲಿ ಬಂದು ಕೂತ. ನಮಗೆ ಬೆಳಗಿನ ಹೊತ್ತು. ಇನ್ನೊಂದು ಚೌಕದಲ್ಲಿ ಅವನ ಕಡೆಯ ಹೆಣ್ಣುಮಗಳು. ಕನ್ನಡವನ್ನು ಪುಸ್ತಕ ನೋಡಿ ಕಲಿತವಳು. ಆಡುವವರಿಗೂ ಅರ್ಥವಾಗಲೆಂದು ಎರಡೂ ಕಡೆಯ ಮಾತನ್ನು ಅವಳು ತಿರುಗಿಸಿ ಹೇಳಬೇಕು.

ಆಡುವವರನ್ನು ತಾನೇ ಆರಿಸುತ್ತೇನೆಂದ ಮಾಲೀಕ. ಆ ಹೊತ್ತಿಗೆ ಹೋಟೆಲಿನವನು ಫ್ಲಾಸ್ಕಿನಲ್ಲಿ ಕಾಫಿ ತಂದ. "ಇವರೇ ಆಡಲಿ" ಎಂದ ಮಾಲೀಕ. ಹೋಟೆಲಿನವನು ಫ್ಲಾಸ್ಕು ಕೊಡಲಿಲ್ಲ. ಕಂಕುಳಲ್ಲಿ ಇರುಕಿಕೊಂಡೇ ಮೊಬೈಲು ತೆಗೆದುಕೊಂಡ.

ಒತ್ತಿದ. "ಹಿಡ್ಕೋ, ಹಿಡ್ಕೋ, ಬುಡು." ಬೆರಳೆತ್ತಿದ. ಎಸೆತ ನೆಟ್ಟಗೆ ಹೋಯಿತು. ಮಾಲೀಕ ತಲೆದೂಗಿದ. ಎರಡನೆಯ ಚೆಂಡನ್ನು ಆಟದೊಳಗಿನ ಬ್ಯಾಟ್ಸ್‌ಮನ್ ಹೊಡೆದ. ಅದು ಬಿದ್ದ ಕಡೆ ಹೋಟೆಲಿನವನು ಬೆರಳಿಟ್ಟ. ಆಳು ಓಡಿಹೋಗಿ ಚೆಂಡು ಎತ್ತಿಕೊಂಡ. ಸೊಸೆ ಮೇಜಿನ ಅಂಚು ಹಿಡಿದು ನಿಂತಿದ್ದಳು. ಮೊದಲ ಬೇಸಿಗೆ ಎಸೆದಿದ್ದರೆ ಮುಗಿಯುತ್ತಿತ್ತು.

ಹೋಟೆಲಿನವನು ಕೀಪರಿಗೆ ಎಸೆದ.

"ಔಟಾ?" ಎಂದ.

"ಇಲ್ಲಣ್ಣ" ಎಂದಳು ಸೊಸೆ. ದನಿ ಬಿದ್ದುಹೋಗಿತ್ತು.

ಮಾತು ಶುರುವಾಯಿತು. ಎಸೆತ ಚೆನ್ನಾಗಿದೆ, ಫೀಲ್ಡಿಂಗನ್ನು ಯಂತ್ರವೇ ಮಾಡಲಿ ಎಂದ ಮಾಲೀಕ. ಚೆಂಡಿನ ಹತ್ತಿರ ಹೋದದ್ದು ಅವರ ಬೆರಳೇ, ಎಸೆದದ್ದು ಅವರ ಬೆರಳೇ, ತಪ್ಪಿದ್ದು ಬೇಸು ಮಾತ್ರ ಎಂದಳು ಸೊಸೆ. ಅವನು ಒಂದು ಅಂದ, ಇವಳು ಒಂದು ಅಂದಳು. ನಡುವಿನ ಹೆಣ್ಣುಮಗಳು ಎರಡನ್ನೂ ತಿರುಗಿಸುತ್ತಾ ಬೆವರಿದಳು. ಕಾಫಿ ಇನ್ನೂ ಕಂಕುಳಲ್ಲೇ ಇತ್ತು.

ಕೊನೆಗೆ ಮಾಲೀಕ ನನ್ನ ಕಡೆ ಬೆರಳು ತೋರಿಸಿದ. ಏನೂ ಗೊತ್ತಿಲ್ಲದ ಹಿರಿಯರು ಅವರೇ ಅಲ್ಲವೇ, ಅವರನ್ನು ಕೇಳಿ ಎಂದ. ಹೆಣ್ಣುಮಗಳು ಕೇಳಿದಳು.

"ಮಾನ್ಯರೇ, ಆಡುವವರನ್ನು ಅವರ ಪಾಡಿಗೆ ತಪ್ಪು ಮಾಡಲು ಬಿಡಬೇಕೋ, ಬೇಡವೋ?"

ನಾನು ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಸೊಸೆಯ ಮುಖ ನೋಡಿ, ಇವರ ಸಹವಾಸ ಸಾಕು, ಬಾ ಮನೆಗೆ ಹೋಗೋಣ ಎನ್ನುವ ಅರ್ಥದಲ್ಲಿ ಅವಳಿಗೆ ಹೇಳಿದೆ.

"ಬುಡು ಅತ್ಲಾಗೆ."

ಹೆಣ್ಣುಮಗಳು ಮಾಲೀಕನ ಕಡೆ ತಿರುಗಿದಳು. ಬಿಡಬೇಕಂತೆ, ಖಂಡಿತವಾಗಿ ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಾಲೀಕ ನನ್ನನ್ನೇ ನೋಡಿದ. ನಾನೂ ನೋಡಿದೆ. ಹೊಸದಾಗಿ ಆಡುವವರು ನಮ್ಮಲ್ಲೂ ತಪ್ಪು ಬೇಸಿಗೇ ಎಸೆಯುತ್ತಾರೆ, ತಪ್ಪೇ ಮಾಡದ ಯಂತ್ರ ಆಡಿದರೆ ಅದು ಆಟವೇ ಅಲ್ಲ, ಈ ಹಿರಿಯರು ಒಂದೇ ಮಾತಿನಲ್ಲಿ ಅದನ್ನು ಹೇಳಿದರು ಎಂದ. ಫೀಲ್ಡಿಂಗು ಬೆರಳಿಗೇ ಉಳಿಯಿತು. ಆಫೀಸೂ ಉಳಿಯಿತು.

ಪರದೆ ಆರಿದ ಮೇಲೆ ಹೋಟೆಲಿನವನು ಕಾಫಿ ಬಗ್ಗಿಸಿದ. ಸೊಸೆ ಲೋಟ ತಂದು ನನ್ನ ಮುಂದಿಟ್ಟು ಎದುರಿಗೆ ಕೂತಳು.

"ಮಾಮ, ನಿಜ ಹೇಳಿ. ಆಡೋರ ಕೈಗೆ ಬಿಡಿ ಅಂತ ಅಂದ್ರಾ, ಇಲ್ಲ ಇವ್ರನ್ನ ಬಿಟ್ಟಾಕು ಅಂತ ನನಗಂದ್ರಾ?"

ಕಾಫಿ ಕುಡಿದು ಲೋಟ ಇಟ್ಟೆ.

"ಬುಡು."