ಮೊಸರು ಕಲಕದ ಕಾರು

ಮೊಮ್ಮಗು ಹುಟ್ಟಿದ ಮೇಲೆ ಅಜ್ಜಿಯಂದಿರ ತಲೆ ಸ್ವಲ್ಪ ಸಡಿಲವಾಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ನಾನು ಇಲ್ಲವೆನ್ನುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರೆ ಸಾಕು, ಮೊಮ್ಮಗಳು ಹುಟ್ಟಿದಾಗ ಎಷ್ಟು ತೂಕವಿದ್ದಳು ಎಂಬಲ್ಲಿಂದ ಶುರು ಮಾಡುತ್ತೇನೆ. ಅವಳ ಕಣ್ಣು, ಹುಬ್ಬು ಮುಗಿಸಿ ಮೂಗಿಗೆ ಬರುವಷ್ಟರಲ್ಲಿ ನನ್ನ ಸ್ಟಾಪು ಬಂದು ಹೋಗಿರುತ್ತದೆ. ಹೀಗೆ ಎರಡು ಸಲ ಮುಂದಿನ ಊರಿನಲ್ಲಿ ಇಳಿದಿದ್ದೇನೆ. ಆದರೆ ಇವೆಲ್ಲ ಯಾವ ಅಜ್ಜಿಯಾದರೂ ಮಾಡುವ ಕೆಲಸ. ಯಾವ ಅಜ್ಜಿಯೂ ಮಾಡದ ಒಂದನ್ನು ನಾನು ಮಾಡಿದ್ದೇನೆ, ಅದನ್ನು ಹೇಳಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. ನನಗೆ ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗು ಬಿಗಿ ಮಾಡಲು, ಸಡಿಲ ಮಾಡಲು ಬರುತ್ತದೆ. ಇಡೀ ನಂಜನಗೂಡಿನಲ್ಲಿ ಈ ವಿದ್ಯೆ ಬಲ್ಲ ಅಜ್ಜಿ ಇನ್ನೊಬ್ಬಳಿದ್ದರೆ ಕರೆದುಕೊಂಡು ಬನ್ನಿ, ಅವಳಿಗೂ ನನ್ನ ಮೊಮ್ಮಗಳ ಮೂಗಿನ ವಿಷಯ ಹೇಳುತ್ತೇನೆ.

ನಮ್ಮ ಒಬ್ಬನೇ ಮಗ ಶಿವಸ್ವಾಮಿ. ಊರಿನಲ್ಲಿ ಲೇತ್ ಅಂಗಡಿ ಇಟ್ಟಿದ್ದಾನೆ. ಕೈಕೆಲಸದಲ್ಲಿ ಜಾಣ, ಹಟದಲ್ಲಿ ಅವರಪ್ಪ. ಮದುವೆಗೆ ಮುಂಚೆ ಮೈಸೂರಿನ ಯಾವುದೋ ಬಂಗಲೆಯ ಹಿತ್ತಲಿನಿಂದ ಒಂದು ಹಳೆಯ ಫಾರಿನ್ ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದ. ಅದರೊಳಗೆ ಆಗ ಕೋಳಿ ಕಾವಿಗೆ ಕೂತಿತ್ತು. ಎರಡೇ ಬಾಗಿಲು. ಮುಂದೆ ಇಬ್ಬರು ಕೂರಬಹುದು. ಹಿಂದೆ ಇರುವುದನ್ನು ಅವನು ಸೀಟು ಎನ್ನುತ್ತಾನೆ, ನಾನು ಗೂಡು ಎನ್ನುತ್ತೇನೆ. ಎರಡು ವರ್ಷ ಬಿಚ್ಚಿ ಜೋಡಿಸಿ, ಕೆಂಪು ಬಣ್ಣ ಹೊಡೆದು ಓಡುವಂತೆ ಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ರ‍್ಯಾಲಿ ಓಡಿಸುವ ಯಾರೋ ಹೇಳಿದರೆಂದು ಮದರಾಸಿನಿಂದ ಹೊಸ ಬಗೆಯ ಸ್ಪ್ರಿಂಗು ತರಿಸಿದ.

ಮಾಮೂಲಿ ಕಾರಿನಲ್ಲಿ ಸ್ಪ್ರಿಂಗು ಬೇರೆ, ಶಾಕ್ ಅಬ್ಸಾರ್ಬರ್ ಬೇರೆಯಂತೆ. ಇದರಲ್ಲಿ ಶಾಕ್ ಅಬ್ಸಾರ್ಬರಿನ ಮೈಗೇ ಸ್ಪ್ರಿಂಗು ಸುತ್ತಿಕೊಂಡಿರುತ್ತದೆ, ಒನಕೆಗೆ ಮೈತುಂಬ ಬಳೆ ತೊಡಿಸಿದ ಹಾಗೆ. ಆ ಒನಕೆಯ ಮೈಮೇಲೆ ಥ್ರೆಡ್ಡು, ಥ್ರೆಡ್ಡಿನ ಮೇಲೊಂದು ದೊಡ್ಡ ನಟ್ಟು. ನಟ್ಟು ಒಂದು ಕಡೆ ತಿರುಗಿಸಿದರೆ ಕಾರು ಎದ್ದು ನಿಲ್ಲುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕೂತುಬಿಡುತ್ತದೆ. ಬುಡದಲ್ಲಿ ರೇಡಿಯೋ ಕಿವಿಯಂಥ ಒಂದು ಸಣ್ಣ ತಿರುಪು. ಅದು ಬಲಕ್ಕೆ ಟಿಕ್ ಟಿಕ್ ಎಂದರೆ ಬಿಗಿ, ಎಡಕ್ಕೆ ಟಿಕ್ ಟಿಕ್ ಎಂದರೆ ಮೆತ್ತಗೆ. ನನ್ನ ಮಗ ಕಾರನ್ನು ನೆಲಕ್ಕೆ ಕೂರಿಸಿ, ನಾಲ್ಕು ತಿರುಪನ್ನೂ ಬಲಕ್ಕೆ ಇನ್ನು ತಿರುಗದಷ್ಟು ತಿರುಗಿಸಿದ.

"ಈಗ ನೋಡವ್ವ, ನೆಲ ಕಚ್ಕಂಡು ಓಡ್ತದೆ" ಎಂದ.

ಕಚ್ಚಿತು, ನಿಜ. ಆದರೆ ಕಚ್ಚಿದ್ದು ನೆಲವನ್ನಲ್ಲ, ನನ್ನ ಸೊಂಟವನ್ನು. ಸೊಸೆ ಸುಮಿತ್ರ ಬಾಣಂತನಕ್ಕೆ ಟಿ. ನರಸೀಪುರದ ತವರಿನಲ್ಲಿದ್ದಳು. ಮೂರನೇ ತಿಂಗಳಲ್ಲಿ ನಾಮಕರಣ. ಮಗ ನನ್ನನ್ನು ಹಿಂದಿನ ಗೂಡಿಗೆ ತುಂಬಿ, ಅವರಪ್ಪನನ್ನು ಮುಂದೆ ಕೂರಿಸಿಕೊಂಡು ಹೊರಟ. ಊರು ದಾಟುವಷ್ಟರಲ್ಲಿ ನನ್ನ ತುರುಬು ಬಿಚ್ಚಿತು. ಬಿಳಿಗೆರೆ ಬರುವಷ್ಟರಲ್ಲಿ ಬಾಯಲ್ಲಿದ್ದ ಎಲೆಅಡಿಕೆ ಅಗಿಯದೆಯೇ ಪುಡಿಯಾಯಿತು. ಬೀಗರ ಮನೆ ಮುಂದೆ ಇಬ್ಬರು ಕೈ ಹಿಡಿದು ಎಳೆದ ಮೇಲೆ ಹೊರಗೆ ಬಂದೆ. ಬೀಗಿತ್ತಿ ಮರಿದೇವಮ್ಮ ಬಾಗಿಲಲ್ಲೇ ನಿಂತು ಎಲ್ಲ ನೋಡಿದರು.

"ಏನ್ ಬೀಗಿತ್ತಿ, ಒಳ್ಳಲ್ಲಿ ಕೂರ್ಸಿ ಕುಟ್ಕಂಡ್ ತಂದಂಗದೆ ನಿಮ್ಮ?" ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, "ಏನಪ್ಪಾ, ನನ್ ಮೊಮ್ಮಗಳನ್ನೂ ಇದ್ರಲ್ಲೇ ಕರ್ಕಂಡ್ ಓಗೋ ಯೋಚ್ನೆನಾ?"

"ನನ್ ಮಗಳು ನನ್ ಕಾರಲ್ಲೇ ಬರೋದು ಕಣತ್ತೆ" ಎಂದ ಇವನು, ಎದೆ ಸೆಟೆಸಿಕೊಂಡು.

ಮರಿದೇವಮ್ಮನವರ ತವರು ಮುಡುಕುತೊರೆ ಕಡೆ. ಅವರು ಸಿಟ್ಟು ಮಾಡುವವರಲ್ಲ, ಷರತ್ತು ಹಾಕುವವರು. "ನಮ್ಮೂರ ಎಂಗಸ್ರು ಎಪ್ಪಾಕಿದ ಮೊಸರಿನ ಕುಡ್ಕೆ ತಲೆ ಮೇಲಿಟ್ಕಂಡು ಸಂತೆಗೆ ನಡ್ಕಂಡೋಯ್ತಾರೆ. ಕೆನೆ ಬಿರುಕು ಬಿಡಲ್ಲ. ನಿನ್ ಕಾರೂ ಅಂಗೇ ನಂಜನಗೂಡಿಂದ ಒಂದು ಕುಡ್ಕೆ ಮೊಸರು ಕಲಕದಂಗೆ ತಂದು ಕೊಡ್ಲಿ. ನಾನೇ ಮಗೂನ ಎತ್ತಿ ಕೊಡ್ತೀನಿ. ಜ್ಯೇಷ್ಠದ ಕಡೇ ಸ್ವಾಮಾರ ದಿನ ಚೆನ್ನಾಗದೆ. ಅದು ತಪ್ಪುದ್ರೆ ಆಷಾಢ, ಆಮೇಲೆ ನನ್ನ ಕೇಳ್ಬೇಡಿ."

ಆ ಸೋಮವಾರಕ್ಕೆ ಇನ್ನು ಒಂದೂವರೆ ತಿಂಗಳು. ಅದು ತಪ್ಪಿದರೆ ಮತ್ತೊಂದು ತಿಂಗಳು. ಅಷ್ಟರಲ್ಲಿ ಮಗು ಬೋರಲು ಬಿದ್ದು, ಮುಷ್ಟಿ ಚೀಪಿ, ಯಾರ ಯಾರ ಮುಖವನ್ನೋ ಗುರುತು ಹಿಡಿದು, ನನ್ನನ್ನು ಕಂಡರೆ ಅಳುವ ಹಾಗಾದರೆ? ಟ್ಯಾಕ್ಸಿ ಮಾಡೋಣವೆಂದು ಮಗನಿಗೆ ಹೇಳಿ ನೋಡಿದೆ. ಅವನ ಮುಖ ಪಡವಲಕಾಯಿಯಷ್ಟು ಉದ್ದವಾಯಿತು. ಮೂರು ದಿನ ಮಾತು ಬಿಟ್ಟ. ನಾಲ್ಕನೇ ದಿನ ಬಂದು, "ಅವ್ವಾ, ಮೊಸರು ಎಪ್ಪಾಕವ್ವ" ಎಂದ.

ಅಲ್ಲಿಂದ ಶುರುವಾಯಿತು ನಮ್ಮ ಮನೆಯ ಪರೀಕ್ಷೆ. ರಾತ್ರಿ ನಾನು ಕುಡಿಕೆಯಲ್ಲಿ ಹೆಪ್ಪು ಹಾಕುವುದು, ಬೆಳಿಗ್ಗೆ ಅವನು ಸ್ಪ್ಯಾನರ್ ಹಿಡಿದು ನಟ್ಟು ತಿರುಗಿಸುವುದು, ಆಮೇಲೆ ನಾನೂ ಕುಡಿಕೆಯೂ ಬಿಳಿಗೆರೆ ರಸ್ತೆಯಲ್ಲಿ ಹೋಗಿ ಬರುವುದು. ಹೋಗುವಾಗ ಮೊಸರು, ಬರುವಾಗ ಮಜ್ಜಿಗೆ. ಒಂದು ದಿನ ಅಂಚಿನಲ್ಲಿ ಬೆಣ್ಣೆಯೇ ತೇಲಿತ್ತು. ನಮ್ಮ ಯಜಮಾನರಿಗೆ ಊಟದ ಕೊನೆಗೆ ಗಟ್ಟಿ ಮೊಸರು ಇಲ್ಲದಿದ್ದರೆ ಊಟವೇ ಅಲ್ಲ. ವಾರವೆಲ್ಲ ನೀರುಮಜ್ಜಿಗೆ ಉಂಡು ಉಂಡು ಅವರಿಗೆ ರೇಗಿಹೋಯಿತು.

"ಲೇ ಶಿವ, ಮಜ್ಜಿಗೆ ಕಡಿಯೋಕೆ ಇಷ್ಟು ದೊಡ್ಡ ಇಂಜಿನ್ ಯಾಕ್ಲಾ? ಬೆಣ್ಣೆ ಅಂಗಡಿ ಇಟ್ಬುಡು" ಎಂದರು.

ಬೀದಿಯವರಿಗಂತೂ ಹಬ್ಬ. ಮಜ್ಜಿಗೆ ಬೇಕಾದವರೆಲ್ಲ ಚೊಂಬು ಹಿಡಿದು ಕಾರು ಬರುವ ಹೊತ್ತಿಗೆ ನಿಲ್ಲುತ್ತಿದ್ದರು.

ತಪ್ಪು ಎಲ್ಲಿದೆ ಎಂದು ನನಗೇ ಮೊದಲು ಹೊಳೆದದ್ದು. ಮಗ ನಾಲ್ಕು ಕಡೆಯೂ ಥ್ರೆಡ್ಡು ಎಣಿಸಿ, ನೆಲದಿಂದ ಟೇಪು ಹಿಡಿದು ಅಳೆದು, ಕಾರನ್ನು ಸಮನಾಗಿ ನಿಲ್ಲಿಸುತ್ತಿದ್ದ. ಆಮೇಲೆ ನಾನು ಹತ್ತುತ್ತಿದ್ದೆ. ನಾನು ಹತ್ತಿದ ಮೂಲೆ ಕುಸಿಯುತ್ತಿತ್ತು, ಎದುರಿನ ಮೂಲೆ ಮುಖ ಎತ್ತುತ್ತಿತ್ತು. ಖಾಲಿ ಕಾರಿಗೆ ಅಳತೆ ತೆಗೆದು ನನ್ನಂಥವಳನ್ನು ಕೂರಿಸಿದರೆ ಇನ್ನೇನಾದೀತು? ರವಿಕೆಯ ಅಳತೆಯನ್ನು ಬಟ್ಟೆ ಗೂಟದಿಂದ ತೆಗೆದುಕೊಂಡ ಹಾಗೆ. ಹಾಗೆಂದು ಹೇಳಿದೆ. ಅವನು ಕಾರಿನ ಬಾಗಿಲು ತೆಗೆದು, "ಅತ್ತಿ ಕೂತ್ಕವ್ವ" ಎಂದ.

ಮೂರು ದಿನ ಅಂಗಡಿ ಮುಂದೆ ನಿಂತ ಕಾರಿನಲ್ಲಿ ಕೂತಿದ್ದೆ. ಹೋಗಿ ಬರುವವರೆಲ್ಲ "ಎಲ್ಗಕ್ಕ ಪಯಣ?" ಎನ್ನುವರು. "ಎಲ್ಗೂ ಇಲ್ಲ ಕಣಪ್ಪ, ತೂಕಕ್ಕೆ ಕೂತಿದೀನಿ" ಎನ್ನುವೆ. ಅಡಿಗೆಗೆ ನಾನು ಮನೆಗೆ ಹೋದಾಗ ನನ್ನ ಜಾಗದಲ್ಲಿ ರಾಗಿ ಮೂಟೆ ಇಡುತ್ತಿದ್ದ. ಒಂದು ಮೂಟೆ ಸಾಲದೆಂದು ಅದರ ಮೇಲೆ ಇನ್ನೊಂದು ಚೀಲ ಅಕ್ಕಿ ಇಟ್ಟನಂತೆ. ಎಷ್ಟು ಅಕ್ಕಿ ಎಂದು ನಾನು ಕೇಳಲಿಲ್ಲ.

ಇಷ್ಟಾದರೂ ಕೆನೆ ಮಾತ್ರ ಒಡೆಯುತ್ತಲೇ ಇತ್ತು. ಬುಡದ ತಿರುಪು ಬಿಗಿಯಾಗಿಯೇ ಇತ್ತಲ್ಲ! ಅದನ್ನು ಮೆತ್ತಗೆ ಮಾಡಪ್ಪ ಎಂದರೆ, "ಅದು ಸ್ಪೋರ್ಟ್ಸ್ ಕಾರು ಕಣವ್ವ, ಅಂಬಾರಿ ಅಲ್ಲ" ಎನ್ನುವ. ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಕ್ರದ ಹಿಂದೆ ಕೈ ತೂರಿಸಿ, ನಾಲ್ಕೂ ತಿರುಪನ್ನು ಎಡಕ್ಕೆ ತಿರುಗಿಸಿಬಿಟ್ಟೆ. ಬಗ್ಗಿದ್ದು ಸುಲಭವಾಗಿತ್ತು, ಏಳುವುದಕ್ಕೆ ಬಂಪರ್ ಹಿಡಿಯಬೇಕಾಯಿತು. ಸಂಜೆ ಓಡಿಸಿದಾಗ ಕಾರು ಹೊಳೆಯ ತೆಪ್ಪದಂತೆ ತೂಗಿತು. ನನಗೆ ತಲೆ ಸುತ್ತಿ ಬಂತು, ಆದರೆ ಕೆನೆ ಕದಲಲಿಲ್ಲ! ಮಗ ಹಿಗ್ಗಿ, "ಹೊಸ ಸ್ಪ್ರಿಂಗು ಈಗ ಪಳಗ್ತು ಕಣವ್ವ. ನಾನ್ ಏಳ್ಲಿಲ್ವಾ?" ಎಂದ. ನಾನು ಹೌದಪ್ಪ ಎಂದೆ. ಮಾರನೇ ದಿನ ತಿರುಪು ನೋಡಿ ನನ್ನ ಕೈಯ ಗ್ರೀಸನ್ನೂ ನೋಡಿದ. ಬೈಯಲಿಲ್ಲ. ತಾನು ಅರ್ಧ ಬಿಟ್ಟುಕೊಟ್ಟ, ನಾನು ಅರ್ಧ ಬಿಟ್ಟುಕೊಟ್ಟೆ. ಅಲ್ಲಿಗೆ ತಿರುಪು ನಡುವೆ ನಿಂತಿತು.

ಸೋಮವಾರ ಬಂತು. ಸಾಮಾನಿನ ಜೊತೆ ಯಜಮಾನರನ್ನು ಬಸ್ಸಿಗೆ ಹತ್ತಿಸಿ, ನಾವು ತಾಯಿ ಮಗ ಕುಡಿಕೆಯೊಂದಿಗೆ ಹೊರಟೆವು. ದಾರಿಯುದ್ದಕ್ಕೂ ಅವನು ರಸ್ತೆಯಿಂದ, ನಾನು ಕುಡಿಕೆಯಿಂದ ಕಣ್ಣು ತೆಗೆಯಲಿಲ್ಲ. ಮರಿದೇವಮ್ಮ ಕುಡಿಕೆ ಈಸಿಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಬಗ್ಗಿಸಿ ನೋಡಿದರು. ಕೆನೆ ಹಾಸಿದ ಹಾಗೇ ಇತ್ತು. ಮಗನ ಮುಖ ಅರಳುತ್ತಿತ್ತು, ಅಷ್ಟರಲ್ಲಿ ಅವರು ಕೇಳಿದರು:

"ಎಲ್ಲಿಟ್ಕಂಡ್ ಬಂದ್ರಿ ಇದ?"

"ಮಡ್ಲಲ್ಲಿ" ಎಂದೆ.

"ಅಂಗಾರೆ ಇದು ಕಾರಿನ ಗುಣ ಅಲ್ಲ ಬೀಗಿತ್ತಿ, ನಿಮ್ ಗುಣ. ಅಷ್ಟು ಮೆತ್ತಗಿರೋ ಕಡೆ ಇಟ್ರೆ ಎತ್ತಿನ ಗಾಡೀಲೂ ಮೊಸರು ಕಲಕಲ್ಲ."

ಒಳಗಿನಿಂದ ಸುಮಿತ್ರ ಮಗುವನ್ನು ಎತ್ತಿಕೊಂಡು ಬಂದವಳು ಅಲ್ಲೇ ನಿಂತಳು. ಮಗ ತಲೆ ತಗ್ಗಿಸಿದ. ನನಗೆ ಆಷಾಢವೇ ಎದುರಿಗೆ ಬಂದು ನಿಂತಂತೆ ಕಂಡಿತು. ಆಗ ಎಲ್ಲಿಂದ ಬಂತೋ ಮಾತು: "ಅಲ್ಲ ಬೀಗಿತ್ತಿ, ಮಗೂನ ಏನ್ ಡಿಕ್ಕೀಲಿ ಆಕ್ಕಂಡೋಯ್ತೀವಾ? ಅದೂ ಇದೇ ಮಡ್ಲಲ್ಲೇ ತಾನೇ ಬರೋದು?"

ಮರಿದೇವಮ್ಮ ನನ್ನನ್ನೂ ನನ್ನ ಮಡಿಲನ್ನೂ ನೋಡಿದರು. ಆಮೇಲೆ ನಕ್ಕರು ನೋಡಿ, ಬಾಗಿಲ ಚೌಕಟ್ಟು ಹಿಡಿದು ನಕ್ಕರು. "ಆಯ್ತು ಕರ್ಕಂಡೋಗಿ ಮಾರಾಯ್ತಿ" ಎಂದು ತಾವೇ ಮಗುವನ್ನು ಎತ್ತಿ ನನ್ನ ಕೈಗಿಟ್ಟರು. ಕಣ್ಣೊರೆಸಿಕೊಂಡದ್ದನ್ನೂ ಕಂಡೆ, ಕಾಣದವಳಂತೆ ಇದ್ದೆ.

ಬರುವಾಗಲೂ ಯಜಮಾನರಿಗೆ ಬಸ್ಸೇ. ಕಾರಿನಲ್ಲಿ ಸುಮಿತ್ರ ಮುಂದೆ, ನಾನೂ ಮೊಮ್ಮಗಳೂ ಹಿಂದೆ. ಮಗ ಒಂದೊಂದು ಗುಂಡಿಯನ್ನೂ ಸುತ್ತಿ ಬಳಸಿ, ದೋಣಿ ಸಾಗಿಸಿದಂತೆ ಕಾರು ಸಾಗಿಸಿದ. ಒಂದು ಕುಲುಕಿಲ್ಲ. ಮಗು ನಿದ್ದೆ ಮಾಡುತ್ತದೆಂದು ಕಾದೆ. ಅದು ತುಟಿ ಸೊಟ್ಟ ಮಾಡಿತು, ಕೊಸರಿತು, ಆಮೇಲೆ ಹೋ ಎಂದು ಶುರು ಮಾಡಿತು. ಹಾಲು ಬೇಡ, ಗಿಲಕಿ ಬೇಡ, ನನ್ನ ಹಾಡಂತೂ ಬೇಡವೇ ಬೇಡ. ಸುಮಿತ್ರ ಹಿಂದೆ ತಿರುಗಿ ತಿರುಗಿ ಕತ್ತು ನೋಯಿಸಿಕೊಂಡಳು. ಅಳು ಕೇಳಲಾರದೆ ಮಗನೂ ಒಮ್ಮೆ ಹಿಂದೆ ನೋಡಿದ. ಆಗ ಎದುರಿಗಿದ್ದ ಒಂದು ದೊಡ್ಡ ಗುಂಡಿಗೆ ಕಾರು ದಡಾರನೆ ಇಳಿದು ಎದ್ದಿತು.

ಅಳು ನಿಂತಿತು. ಮಗು ಕಣ್ಣರಳಿಸಿ ನನ್ನ ಮುಖ ನೋಡಿತು. ಆಮೇಲೆ, ನೀವು ನಂಬಬೇಕು, ಕಿಲಕಿಲನೆ ನಕ್ಕಿತು. ಸದ್ದು ಮಾಡಿ ನಕ್ಕದ್ದು ಅದೇ ಮೊದಲಂತೆ, ಅವರಮ್ಮನೇ ಹೇಳಿದಳು. ಆ ಮೊದಲ ನಗು ನನ್ನ ಮಡಿಲಲ್ಲಿ! ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯದೆ, "ಶಿವ, ಇನ್ನೊಂದು ಗುಂಡಿ ನೋಡಪ್ಪ!" ಎಂದು ಕೂಗಿದೆ.

"ಅವ್ವಾ, ಒಂದೂವರೆ ತಿಂಗಳು ನಾನು ಮಾಡಿದ್ದೇನವ್ವ!" ಎಂದು ಅವನು ಅಳುವ ಧ್ವನಿಯಲ್ಲಿ ಹೇಳಿದ. ಹೇಳುತ್ತಲೇ ಇನ್ನೊಂದು ಗುಂಡಿಗೆ ಇಳಿಸಿದ. ಮನೆ ಸೇರುವವರೆಗೆ ನಾವು ಒಂದನ್ನೂ ಬಿಡಲಿಲ್ಲ. ಆ ರಸ್ತೆಯಲ್ಲಿ ಗುಂಡಿಗಳಿಗೆ ಬರವೇ?

ಈಗ ದಿನಾ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಒಂದು ಸುತ್ತು ಹೋಗಲೇಬೇಕು. ಅವಳಿಗೆ ನಗು, ನನಗೆ ಸೊಂಟಕ್ಕೆ ಹರಳೆಣ್ಣೆ. ಎರಡರಲ್ಲೂ ನಾನು ಸುಖವಾಗಿದ್ದೇನೆ. ಆದರೆ ಮೊನ್ನೆ ನಮ್ಮ ಬೀದಿ ತುದಿಯಲ್ಲಿ ಜಲ್ಲಿ ರಾಶಿ ಬಿತ್ತು, ಟಾರಿನ ಡ್ರಮ್ಮುಗಳು ಬಂದವು. ರಸ್ತೆ ರಿಪೇರಿಯಂತೆ. ಬೀದಿಗೆ ಬೀದಿಯೇ ಸಂಭ್ರಮದಲ್ಲಿದೆ. ನಾನೊಬ್ಬಳು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು, "ಪೂರ್ತಿ ಮುಚ್ಬೇಡ ಕಣಪ್ಪ, ನಮ್ಮನೆ ಮುಂದೆ ಎರಡು ಗುಂಡಿ ಉಳ್ಸು" ಎಂದೆ.

ಅವನು ನನ್ನನ್ನು ಒಂದು ಥರ ನೋಡಿದ. "ಅಲ್ಲ ಕಣಜ್ಜಿ, ಗುಂಡಿ ಮುಚ್ಚಿ, ಸೊಂಟ ಓಯ್ತು ಅಂತ ಪುರಸಭೆಗೆ ಅರ್ಜಿ ಕೊಟ್ಟಿದ್ರಲ್ಲ, ಮೊದಲ್ನೇ ರುಜು ನಿಮ್ದೇ ಅಂತೆ?" ಎಂದ.

ರುಜು ನನ್ನದೇ. ನಾಮಕರಣ ಮುಗಿಸಿ ಬಂದ ಮಾರನೇ ದಿನ ಹಾಕಿದ್ದು. ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋಗಿ ರುಜು ಕಲಿತದ್ದೇ ತಪ್ಪಾಯಿತು. ಹೆಬ್ಬೆಟ್ಟು ಒತ್ತಿದ್ದರೆ, ಯಾರದೋ ಏನೋ ಎಂದುಬಿಡಬಹುದಾಗಿತ್ತು.