ಕುಕ್ಕರ್ ಜೋಡಿ ಬಂದ ಬ್ಯಾಟು

ವಿಜಯೀಂದ್ರ ಸರ್ ಹೊಡೆದ ಶಟಲ್ ಶುಕ್ರವಾರ ಬೆಳಿಗ್ಗೆಯೂ ಸೀದಾ ಹೋಗಿ ನೆಟ್ಟಿಗೆ ಬಿತ್ತು. ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದಲೇ.

"ಛೇ ಛೇ ಛೇ! ಹೊಡತ ಎಷ್ಟ ಛಲೋ ಇತ್ತರೀ ಸರ್! ಬ್ಯಾಟು ಕೈ ಕೊಟ್ಟತು ನೋಡ್ರಿ," ಎಂದ ಪ್ರಭು.

ಪ್ರಭು ಸವಣೂರಿನ ಶಟಲ್ ಬಳಗದ ಕ್ಯಾಪ್ಟನ್. ಬಜಾರದಲ್ಲಿ ಅರಿವೆ ಅಂಗಡಿ ಇಟ್ಟಿದ್ದಾನೆ. ಹಿಂದೆ ಕಾಲೇಜಿನಲ್ಲಿ ವಿಜಯೀಂದ್ರ ಸರ್ ಕೈಕೆಳಗೆ ಫಿಜಿಕ್ಸ್ ಕಲಿತವನು. ಕಲಿತ ಅನ್ನುವುದಕ್ಕಿಂತ, ಅವರ ಪುಣ್ಯದಿಂದ ಪಾಸಾದ ಅನ್ನಬೇಕು. ಹೀಗಾಗಿ ಗುರುಗಳೆಂದರೆ ಅವನಿಗೆ ಈಗಲೂ ಭಯ, ಭಕ್ತಿ ಎರಡೂ.

ಆ ಬ್ಯಾಟಿಗೂ ಒಂದು ಚರಿತ್ರೆ ಇತ್ತು. ಸರ್ ಹೆಂಡತಿ ದೀಪ್ತಿ ಒಂದು ದೀಪಾವಳಿಗೆ ಹುಬ್ಬಳ್ಳಿಯಲ್ಲಿ ಕುಕ್ಕರ್ ಕೊಂಡಾಗ ಅದರ ಜೋಡಿ ಪುಕ್ಕಟೆ ಬಂದ ಬ್ಯಾಟು ಅದು. ತಂತಿ ಹರಿದಾಗ ಸರ್ ಅದನ್ನು ಎಸೆಯಲಿಲ್ಲ. ಕಾಲೇಜಿನ ಲ್ಯಾಬಿಗೆ ಒಯ್ದು, ಮೇಜಿಗೆ ಬಿಗಿದು, ತೂಕದ ಕಲ್ಲು ಜೋತುಹಾಕಿ, ತಂತಿ ಎಷ್ಟು ಎಳೆದರೆ ಹೇಗೆ ನುಡಿಯುತ್ತದೆ ಎಂದು ಕಿವಿಗೊಟ್ಟು ಕೇಳುತ್ತಾ ತಾವೇ ಹೊಸ ತಂತಿ ಕಟ್ಟಿದ್ದರು. ಅವರ ಸ್ವಭಾವವೇ ಹಾಗೆ. ಗಡಿಯಾರ ನಿಂತರೆ ಬಿಚ್ಚುವುದು ಎಲ್ಲರೂ ಮಾಡುತ್ತಾರೆ. ಸರ್ ನಡೆಯುತ್ತಿರುವ ಗಡಿಯಾರವನ್ನೂ 'ಯಾಕೆ ನಡೀಲಿಕ್ಹತ್ತೇದ' ಎಂದು ಬಿಚ್ಚುವವರು. ಊರ ಮಂದಿ ಮಾತ್ರ ಆ ಬ್ಯಾಟಿಗೆ 'ಕುಕ್ಕರ್' ಎಂದೇ ಹೆಸರಿಟ್ಟುಬಿಟ್ಟಿದ್ದರು.

ರವಿವಾರ ಹಾನಗಲ್ಲಿನಲ್ಲಿ ಡಬಲ್ಸ್ ಪಂದ್ಯ. ಶಿಗ್ಗಾಂವಿಯವರು, ಹೋದ ವರ್ಷ ಕಪ್ ಗೆದ್ದ ಹಿರೇಕೆರೂರಿನವರು, ಎಲ್ಲ ಬರುವವರಿದ್ದರು. ಸವಣೂರಿನಿಂದ ಹೋಗುವುದು ಒಂದೇ ಜೋಡಿ. ಅದರಲ್ಲಿ ಪ್ರಭು ಇದ್ದೇ ಇರುತ್ತಾನೆ, ಎರಡನೆಯವ ಯಾರು ಎಂಬುದೇ ಪ್ರಶ್ನೆ. ವಿಜಯೀಂದ್ರ ಸರ್ ಪ್ರತಿ ವರ್ಷವೂ ಬಳಗದ ಜೀಪಿನಲ್ಲಿ ಹಾನಗಲ್ಲಿಗೆ ಹೋಗುತ್ತಿದ್ದರು, ಆದರೆ ಎತ್ತರದ ಕುರ್ಚಿಯ ಮೇಲೆ ಕೂತು ಸ್ಕೋರು ಕೂಗಲಿಕ್ಕೆ. ಆಡುವವರಿಗೆ ಪ್ರಭು ತನ್ನ ಅಂಗಡಿಯಿಂದಲೇ ಒಂದು ನೀಲಿ ಅಂಗಿ ಹೊಲಿಸಿ ಕೊಡುತ್ತಿದ್ದ, ಬೆನ್ನ ಮೇಲೆ ದೊಡ್ಡದಾಗಿ 'ಸವಣೂರು' ಎಂದು ಬರೆಸಿ. ಆ ಅಂಗಿ ಒಂದು ಸಲ ಮೈಮೇಲೆ ಬೀಳಬೇಕು ಎಂಬುದು ಸರ್ ಆಸೆ. ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಪ್ರಭು, ಈ ಸಲ ನಾ ಆಡ್ತೇನಿ," ಎಂದುಬಿಟ್ಟರು ಸರ್, ನೆಟ್ಟಿನಿಂದ ಶಟಲ್ ಬಿಡಿಸುತ್ತಾ.

ಪ್ರಭು ಕೆಮ್ಮಿದ. "ಆಡ್ರಿ ಸರ್, ಯಾರು ಬ್ಯಾಡಂತಾರ? ಆದ್ರ ಈ ಕುಕ್ಕರ್ ಹಿಡಕೊಂಡು ಹಾನಗಲ್ಲಿಗೆ ಹ್ಯಾಂಗ ಹೋಗೂದ್ರಿ? ನಿಮ್ಮ ಕೈಗೆ ತಕ್ಕ ಬ್ಯಾಟು ಯಾವುದು ಅಂತ ಸಂಜಿತನಕ ಹುಡುಕ್ರಿ. ಆಮ್ಯಾಲೆ ನೋಡೋಣಂತ. ಬೇಕಾದ್ರ ನಂದ ಒಯ್ರಿ. ಜಪಾನಿದ್ದು! ತಲಿ ಕಡೆ ಭಾರ ಐತಿ, ಸ್ಮ್ಯಾಶ್ ಹೊಡದ್ರ ಎದುರಿನವ ಅವ್ವನ್ನ ನೆನಸಬೇಕು."

"ಭಾರದ್ದು ಯಾಕ ಬೇಕ್ರಿ ಸರ್?" ಎಂದು ನಡುವೆ ಬಂದ ಸೊಸೈಟಿ ಬ್ಯಾಂಕಿನ ಮಹಾಂತೇಶ. ಅವನೂ ಸರ್ ಶಿಷ್ಯನೇ. "ನಂದ ಒಯ್ರಿ. ಹಗರ ಅಂದ್ರ ಹಗರ, ಕೈಯಾಗ ಐತೋ ಇಲ್ಲೋ ಗೊತ್ತಾಗೂದಿಲ್ಲ."

"ಎಲ್ಲಾ ತಂತಿ ಮ್ಯಾಲೆ ಐತಿ," ಎಂದರು ವೀಳ್ಯದೆಲೆ ತೋಟದ ಉಳಿವೆಪ್ಪ, ಬಳಗದಲ್ಲಿ ಎಲ್ಲರಿಗಿಂತ ಹಿರಿಯರು. "ನನ್ನ ಬ್ಯಾಟಿನ ತಂತಿ ಹೆಂಗ ಬಿಗಿದೇನಿ ನೋಡ್ರಿ ಮಾಸ್ತರ. ಬೆರಳಿಲೆ ಮೀಟಿದ್ರ ಮೂರು ಓಣಿಗೆ ಕೇಳ್ತೈತಿ. ಇದನ್ನ ಒಯ್ರಿ."

ಹೀಗೆ ವಿಜಯೀಂದ್ರ ಸರ್ ಮೂರು ಪರಕೀಯ ಬ್ಯಾಟು, ಒಂದು ಸ್ವಂತದ್ದು ಸ್ಕೂಟರಿಗೆ ಸಿಗಿಸಿಕೊಂಡು ಮನೆಗೆ ಬಂದರು. ದಾರಿಯುದ್ದಕ್ಕೂ ಅವರ ತಲೆಯಲ್ಲಿ ಒಂದೇ ವಿಚಾರ. ಬ್ಯಾಟು ಬ್ಯಾಟಿಗೆ ನಿಜವಾಗಿಯೂ ವ್ಯತ್ಯಾಸ ಇರುತ್ತದೋ, ಅಥವಾ ಜಪಾನಿನದು ಅಂದಕೂಡಲೇ ಕೈಗೆ ಹುರುಪು ಬರುತ್ತದೋ? ಕಣ್ಣು ನೋಡಿದರೆ ಮನಸ್ಸು ಮೋಸ ಮಾಡುತ್ತದೆ. ಗುರುತು ಸಿಗದ ಹಾಗೆ ಆಡಿ ನೋಡಬೇಕು!

ಸ್ನಾನ, ಸಂಧ್ಯಾವಂದನೆ ಮುಗಿಸಿದವರೇ ದೀಪ್ತಿಯನ್ನು ಕರೆದರು. ನಾಲ್ಕೂ ಬ್ಯಾಟಿಗೆ ಹಿಡಿಕೆಯಿಂದ ಹಿಡಿದು ಮೇಲಿನ ಚೌಕಟ್ಟಿನವರೆಗೆ ಕರಿ ಟೇಪು ಸುತ್ತಬೇಕು, ಹೆಸರು ಬಣ್ಣ ಒಂದೂ ಕಾಣಬಾರದು. ಆಮೇಲೆ ಚಾದರದ ಕೆಳಗೆ ಕಲೆಸಿ, ಕೈಗೆ ಬಂದ ಹಾಗೆ ತೆಗೆದು ನಂಬರು ಹಾಕಬೇಕು. ಹಾಕುವವರಿಗೂ ಯಾವುದು ಯಾರದ್ದೆಂದು ತಿಳಿಯಕೂಡದು.

"ಕರಿ ಟೇಪಿನ ಮ್ಯಾಲೆ ಪೆನ್ನು ಮೂಡೂದಿಲ್ಲಲ್ರೀ," ಎಂದಳು ದೀಪ್ತಿ.

ಸರ್ ಸುತ್ತ ನೋಡಿದರು. ಈಗಷ್ಟೇ ಮೈಗೆ ಮುದ್ರೆ ಹಚ್ಚಿಕೊಂಡ ಗೋಪೀಚಂದನ ಬಟ್ಟಲಲ್ಲಿ ಹಸಿಯಾಗಿಯೇ ಇತ್ತು. "ಇದ್ರಲೇ ಚುಕ್ಕಿ ಇಡು. ಒಂದು, ಎರಡು, ಮೂರು, ನಾಕು. ಛಂದ ಕಾಣ್ತದ!"

ದೀಪ್ತಿ ಒಳಗೆ, ಅತ್ತೆ ಮನೋರಮಾಬಾಯಿ ಇದ್ದ ಅಡಿಗೆ ಮನೆಯ ಕಡೆ, ಒಮ್ಮೆ ನೋಡಿದಳು. ನೋಡಿ ಚುಕ್ಕಿ ಇಟ್ಟಳು.

ಪ್ರಯೋಗ ಓಣಿಯಲ್ಲೇ ನಡೆಯಿತು. ದೀಪ್ತಿ ಆ ಕಡೆಯಿಂದ ಶಟಲ್ ಕೊಡುವುದು, ಸರ್ ಈ ಕಡೆಯಿಂದ ಹೊಡೆಯುವುದು. ಒಂದು ಚುಕ್ಕಿಯ ಬ್ಯಾಟು ಬೀಸಿದರೆ ಬ್ಯಾಟೇ ಮುಂದೆ ಹೋಗಿ ಕೈ ಹಿಂದಿನಿಂದ ಬಂದಂತಾಯಿತು. ಶಟಲ್ ಹೋಗಿ ಸೊಪ್ಪು ಮಾರುವ ಹುಚ್ಚವ್ವನ ಬುಟ್ಟಿಗೆ ಬಿತ್ತು.

"ಏನ್ರೀ ಸರ, ಮೆಂತೇ ಪಲ್ಲೇಕ ಪುಕ್ಕ ಹಚ್ಚಾಕತ್ತೀರಿ?" ಎಂದಳು ಹುಚ್ಚವ್ವ.

"ಇದಽ ನನ್ನ ಕುಕ್ಕರ್," ಎಂದು ಸರ್ ಮನಸ್ಸಿನಲ್ಲೇ ತೀರ್ಮಾನ ಮಾಡಿದರು. ಇಷ್ಟು ದರಿದ್ರ ಬ್ಯಾಟು ಲೋಕದಲ್ಲಿ ಮತ್ತೊಂದಿರಲು ಸಾಧ್ಯವಿಲ್ಲ.

ಎರಡು ಚುಕ್ಕಿಯದು ಬೀಸಣಿಕೆಯ ಹಾಗೆ. ಬೇಕೆಂದ ಕಡೆ ಚಟ್ಟನೆ ತಿರುಗುತ್ತದೆ, ಆದರೆ ಹೊಡೆದರೆ ಶಟಲಿಗೆ ಹೊಡೆಸಿಕೊಂಡ ನೆನಪೇ ಇರುವುದಿಲ್ಲ. ನಾಲ್ಕು ಚುಕ್ಕಿಯದು 'ಟಣ್' ಎಂದು ಮೊಳಕೈವರೆಗೆ ಜುಮ್ಮೆನಿಸಿತು. ಶಟಲ್ ಹೇಳಿದಲ್ಲೇ ಹೋಗುತ್ತದೆ, ಸುಳ್ಳಲ್ಲ. ಕಳಿಸುವ ದುಡಿತವೆಲ್ಲ ನಮ್ಮದೇ.

ಮೂರು ಚುಕ್ಕಿಯದನ್ನು ಹಿಡಿದಾಗ ಮಾತ್ರ ಸರ್ ಮುಖ ಅರಳಿತು. 'ಠಪ್' ಎಂದು ಒಂದು ತುಂಬಿದ ಸಪ್ಪಳ. ಶಟಲ್ ತಂತಿಯ ಮೇಲೆ ಒಂದು ಗಳಿಗೆ ಕೂತು, ಎಲ್ಲಿಗೆ ಹೋಗಲಿ ಎಂದು ಕೇಳಿ ಹೋದಂತಿತ್ತು. ಭಾರ ಅನ್ನುವ ಹಾಗಿಲ್ಲ, ಹಗುರ ಅನ್ನುವ ಹಾಗಿಲ್ಲ.

"ದೀಪ್ತಿ, ಇದಽ ನೋಡು ಪ್ರಭುನ ಜಪಾನಿಂದು! ಏನ್ ಬ್ಯಾಟು, ಏನ್ ಬ್ಯಾಟು!"

"ಹಂಗಾರ ಟೇಪು ಬಿಚ್ಚಿ ನೋಡ್ರಲಾ."

"ಹುಚ್ಚಿ! ಒಂದ ಸಲ ನೋಡಿ ನಂಬಿದ್ರ ಅದು ವಿಜ್ಞಾನ ಅಲ್ಲ. ಸಂಜಿಗೆ ಕೋರ್ಟಿನ್ಯಾಗ ಮತ್ತೊಮ್ಮೆ ಆಡಿ ನೋಡ್ತೇನಿ. ಆಗೂ ಮೂರನೇದ್ದಽ ಬಂದ್ರ ಬಿಚ್ಚೂದು."

ಬ್ಯಾಟುಗಳನ್ನು ಪಡಸಾಲೆಯ ಬಾಗಿಲಲ್ಲಿ ಒರಗಿಸಿ ಕಾಲೇಜಿಗೆ ಹೋದರು. ಅವತ್ತು ಪಾಠ ಬೆಳಕಿನ ಮೇಲೆ ಇತ್ತು. ಸರ್ ಡಸ್ಟರ್ ಬೀಸಿ ಬೀಸಿ ತೋರಿಸಿದ್ದು ಯಾಕೆಂದು ಹುಡುಗರಿಗೆ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಬ್ಯಾಟಿಲ್ಲ. ಹಿತ್ತಿಲಲ್ಲಿ ಅರಿವೆ ಒಣಹಾಕುವ ಹಗ್ಗದ ಮೇಲೆ, ಅವ್ವನ ಸೀರೆಯ ಬಾಜೂಕೆ, ನಾಲ್ಕೂ ಸಾಲಾಗಿ ತೂಗುತ್ತಿದ್ದವು. ಸ್ವಚ್ಛ ಕರ್ರಗೆ. ಒಂದು ಚುಕ್ಕಿಯೂ ಇಲ್ಲ.

"ಅವ್ವಾ! ಇದೇನ ಮಾಡೀ?"

"ನೀ ಏನ ಮಾಡೀಯೋ ವಿಜ್ಯಾ?" ಮನೋರಮಾಬಾಯಿ ದನಿ ಏರಿತು. "ಗೋಪೀಚಂದನ ಹಚ್ಚಿ ಚಪ್ಪಲಿ ಬಾಜೂಕ ಇಡತಾರೇನು? ದೇವರ ಮುದ್ರಿ ಇಡೂದದು! ಎಷ್ಟ ಮಂದಿ ಬೆವರ ಕೈಯೋ ಏನೋ, ನಾ ಮಡಿಲೆ ಇದ್ದೆ. ದೂರಿಂದ ನಾಕು ಕೊಡ ನೀರು ಸುರುವಿ, ಕೋಲಿಲೆ ಎತ್ತಿ ಒಣಹಾಕೇನಿ. ಕಲಿತವರಂತ, ಕಲಿತವರು."

ಸರ್ ತಲೆ ಮೇಲೆ ಕೈ ಇಟ್ಟುಕೊಂಡರು. ಆ ಮೂರು ಚುಕ್ಕಿಯ ಬ್ಯಾಟು ಈ ನಾಲ್ಕರಲ್ಲಿ ಎಲ್ಲಿ ತೂಗುತ್ತಿದೆ? ಈಗ ಮತ್ತೆ ಮೊದಲಿನಿಂದ ಹೊಡೆದೇ ಹುಡುಕಬೇಕು. ಇರಲಿ, ಅದೂ ಒಂದು ಪರೀಕ್ಷೆಯೇ ಎಂದು ಅವರ ಕುತೂಹಲ ಮತ್ತೆ ತಲೆ ಎತ್ತಿತು.

ಕೋರ್ಟಿನಲ್ಲಿ ಎಲ್ಲ ಕಥೆ ಕೇಳಿ ಬಳಗ ಬಿದ್ದು ಬಿದ್ದು ನಕ್ಕಿತು. ಬದಿಯ ಕಟ್ಟೆಯ ಮೇಲೆ ಸವಣೂರು ಖಾರದ ಪೊಟ್ಟಣ ಬಿಚ್ಚಿ ತಿನ್ನುತ್ತಾ ಕೂತವರೂ ಎದ್ದು ಬಂದರು.

"ಹುಡುಕೂದೇನ್ ಬಂತ್ರಿ ಸರ್? ಬಿಚ್ಚೂದೂ ಬ್ಯಾಡ," ಎಂದ ಪ್ರಭು ಅಂಗಿಯ ತೋಳು ಮಡಚುತ್ತಾ. "ಕಟ್ಟಿಕೊಂಡ ಹೇಂತಿ ಕೆಮ್ಮಿದ್ರ ಗೊತ್ತಾಗ್ತೈತಿ, ನಮ್ಮ ಬ್ಯಾಟು ನಮ್ಮ ಕೈಗೆ ಗೊತ್ತಾಗೂದಿಲ್ಲೇನ್ರಿ? ತರ್ರಿ ಇಲ್ಲೆ."

ಮೊದಲ ಬ್ಯಾಟು ತಗೊಂಡು ಎರಡು ಸ್ಮ್ಯಾಶ್ ಹೊಡೆದ. ಮುಖ ಹಿಂಡಿ ಅದನ್ನು ಮೂಲೆಗೆ ಎಸೆದ. "ಥೂ! ಇದಽ ಸರ್ ಅವ್ರ ಕುಕ್ಕರ್! ಕೈ ಮುರೀತೈತಿ." ಆಮೇಲೆ ನಾಲಿಗೆ ಕಚ್ಚಿಕೊಂಡು, "ತಪ್ಪಾತ್ರಿ ಸರ್, ಬ್ಯಾಟಿಗೆ ಅಂದದ್ದು," ಎಂದ.

ಎರಡನೆಯದೂ ಆಯಿತು. ಮೂರನೆಯದನ್ನು ಹೊಡೆದವನೇ ಕುಣಿದ. "ಬಂತ್ ನೋಡ್ರಿ! ಇದಽ ನಂದು! ಕೇಳ್ರಿ ಆ ಸಪ್ಪಳ!"

"ಎಲ್ಲಿ, ಇಲ್ಲೆ ಕೊಡು," ಎಂದು ಮಹಾಂತೇಶ ಅದನ್ನು ಕಸಿದುಕೊಂಡು ನೆಟ್ಟಿನ ಹತ್ತಿರ ನಾಲ್ಕು ಸಲ ತಟ್ಟಿದ. "ನಿಂದ ಹೆಂಗಾತೋ? ಇಷ್ಟು ಚುರುಕ ತಿರಗೂದು ನನ್ನ ಬ್ಯಾಟು ಒಂದಽ. ಇದು ನಂದು!"

"ಇಬ್ಬರೂ ಸುಮ್ನಿರ್ರಿ." ಉಳಿವೆಪ್ಪ ಗಂಭೀರವಾಗಿ ತಂತಿ ಮೀಟಿ, ಕಿವಿಗೆ ಹಿಡಿದು, ಒಂದು ಹೊಡೆತ ಮೂಲೆಗೆ ಕಳಿಸಿದರು. ಶಟಲ್ ಗೆರೆಯ ಮೇಲೇ ಬಿತ್ತು. "ನನ್ನ ತಂತಿ ಇದು. ನಾ ಬಿಗಿಸಿದ್ದು ನನಗ ಗೊತ್ತಿಲ್ಲೇನು? ಬಿಡ್ರಿ ಕೈ!"

ಮೂವರೂ ಒಂದೇ ಬ್ಯಾಟನ್ನು ಹಿಡಿದು ಜಗ್ಗತೊಡಗಿದರು. ಕಟ್ಟೆಯ ಮಂದಿ ಮೂರು ಪಾಳೆಯವಾಯಿತು. "ಜಗ್ಗಬ್ಯಾಡ್ರೋ, ಮುರೀತದ!" ಎಂದು ಸರ್ ಸುತ್ತ ಸುತ್ತ ಓಡಾಡಿದರು. ಮುರಿದರೆ ಪ್ರಭುವಿನ ಜಪಾನಿನದು ಹೋಯಿತಲ್ಲ ಎಂಬುದು ಅವರ ಭಯ. ಕೊನೆಗೆ ಉಳಿವೆಪ್ಪನೇ, "ಆತು ಮಾಸ್ತರ, ನೀವಽ ಬಿಚ್ರಿ. ನೋಡೇಬಿಡೂಣು," ಎಂದರು.

ಸರ್ ಟೇಪು ಬಿಚ್ಚಿದರು. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು. ಒಳಗಿನಿಂದ ಕೆಂಪು ಬಣ್ಣದಲ್ಲಿ, ಹೊಗೆ ಬಿಟ್ಟು ಸೀಟಿ ಹೊಡೆಯುವ ಕುಕ್ಕರಿನ ಚಿತ್ರ ಇಣುಕಿತು.

ಪ್ರಭು ಮೆಲ್ಲಗೆ ಮೂಲೆಗೆ ಹೋಗಿ, ತಾನು ಎಸೆದ ಬ್ಯಾಟಿನ ಟೇಪು ಕಿತ್ತು ನೋಡಿದ. ಜಪಾನಿನದು. ಹಾಗೇ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

ಸರ್ ಮುಖ ಮಾತ್ರ ಹುಣ್ಣಿಮೆಯಾಗಿತ್ತು. ತಾವು ಕಟ್ಟಿದ ತಂತಿ! ತಮ್ಮ ಕೈಯ ಲೆಕ್ಕ! "ನೋಡಿದ್ರೇನೋ? ಎಲ್ಲಾಕಿಂತ ಛಲೋ ಬ್ಯಾಟು ನಂದಽ! ಬ್ಯಾಟಿಂದು ಏನೂ ದೋಷ ಇಲ್ಲ ಅಂತ ನೀವಽ ಒಪ್ಪಿದಂಗಾತು. ಇನ್ನ ರವಿವಾರ ಹಾನಗಲ್ಲಿಗೆ ನಾ ಆಡೂದು ಖರೇ ಹೌದಲ್ಲೋ ಪ್ರಭು?"

ಪ್ರಭು ಮಹಾಂತೇಶನ ಮುಖ ನೋಡಿದ. ಮಹಾಂತೇಶ ನೆಟ್ಟು ನೋಡಿದ. ಉಳಿವೆಪ್ಪ ಎಲೆಗೆ ಸುಣ್ಣ ಹಚ್ಚತೊಡಗಿದರು.

"ಸರ್," ಎಂದ ಪ್ರಭು. ಅವನ ದನಿ ಪರೀಕ್ಷೆಯ ಹಾಲಿನಲ್ಲಿ ಸಿಕ್ಕಿಬಿದ್ದ ಹುಡುಗನದಾಗಿತ್ತು. "ನೀವು ನಮಗ ಗುರುಗಳು. ಇಷ್ಟು ವರ್ಷ ಎಲ್ಲಾನೂ ಬ್ಯಾಟಿನ ಮ್ಯಾಲೆ ಹಾಕ್ಕೋಂತ ಬಂದಿದ್ವಿ. ಬ್ಯಾಟಿಂದು ತಪ್ಪಿಲ್ಲ ಅಂತ ನೀವಽ ಸಿದ್ಧ ಮಾಡಿ ತೋರಿಸಿದ್ರಿ. ಇನ್ನ ನಾವು ಯಾರ ಮ್ಯಾಲೆ ಹಾಕೋಣ್ರಿ?"

ಸರ್ ತರ್ಕ ಬಲ್ಲವರು. ಉಳಿದದ್ದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಬ್ಯಾಟನ್ನೊಮ್ಮೆ ನೋಡಿದರು, ಅದನ್ನು ಹಿಡಿದ ಕೈಯನ್ನೊಮ್ಮೆ ನೋಡಿದರು. ಬಹಳ ಕೆಡುಕೆನಿಸಿತು. ಆದರೂ ಪ್ರಯೋಗ ಮಾತ್ರ ಅಚ್ಚುಕಟ್ಟಾಗಿ ನಡೆದಿತ್ತು, ಅದರಲ್ಲಿ ಕುಂದು ಹುಡುಕಲು ಅವರಿಂದಲೂ ಆಗಲಿಲ್ಲ.

"ಮಹಾಂತೇಶನ್ನ ಕರಕೊಂಡ ಹೋಗಪಾ," ಎಂದರು.

"ಹೂಂ ರೀ ಸರ್. ಮತ್ತ... ಸಿಟ್ಟಾಗಬ್ಯಾಡ್ರಿ. ರವಿವಾರದ ಮಟ್ಟಿಗೆ ನಿಮ್ಮ ಬ್ಯಾಟು ನನಗ ಕೊಡ್ತೀರೇನು?"

"ನನ್ನ ಬ್ಯಾಟಿಗೂ ಹಿಂಗಽ ತಂತಿ ಕಟ್ಟಿಕೊಡ್ರಿ ಸರ್," ಎಂದ ಮಹಾಂತೇಶ. "ನಂದಕ್ಕೂ ಮಾಸ್ತರ," ಎಂದು ಉಳಿವೆಪ್ಪನೂ ತಮ್ಮದನ್ನು ಅವರ ಕಂಕುಳಿಗೆ ಸಿಗಿಸಿದರು. ಪ್ರಭು ಬೆನ್ನ ಹಿಂದಿನ ಜಪಾನಿನದನ್ನೂ ಮೆಲ್ಲಗೆ ಅದರ ಜೋಡಿ ಸೇರಿಸಿದ.

ಕತ್ತಲಾಗುವಾಗ ವಿಜಯೀಂದ್ರ ಸರ್ ಮನೆಗೆ ಬಂದರು. ಹೋಗುವಾಗ ನಾಲ್ಕು ಬ್ಯಾಟು ಇದ್ದವು, ಬರುವಾಗ ಮೂರು ಇದ್ದವು, ಮೂರೂ ಬೇರೆಯವರವು. ದೀಪ್ತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಹಿಂದೆ ಅವ್ವ.

"ಏನಾತ್ರಿ? ಹಾನಗಲ್ಲಿಗೆ ಆರಿಸಿದ್ರೇನು?"

"ಆರಿಸಿದ್ರು."

"ನಾ ತೊಳದದ್ದಕ್ಕಽ ಆತು," ಎಂದರು ಮನೋರಮಾಬಾಯಿ.

ದೀಪ್ತಿಯ ಕಣ್ಣು ಹೊಳೆದವು. "ಹಂಗಾರ ಆ ನೀಲಿ ಅಂಗಿ?"

"ಹೊಲೀಲಿಕ್ಕೆ ಕೊಟ್ಟಾನ ಪ್ರಭು. ಬೆನ್ನ ಮ್ಯಾಲೆ 'ಸವಣೂರು' ಅಂತ ಬರಸ್ತಾನಂತ."

"ಅಯ್ಯ, ಛಲೋ ಆತಲ್ರೀ! ಅಳತಿ ತಗೊಂಡ್ರೇನು?"

"ತಗೊಂಡ್ರು," ಎಂದು ಸರ್ ಚಪ್ಪಲಿ ಬಿಟ್ಟು ಒಳಗೆ ನಡೆದರು, "ಬ್ಯಾಟಿಂದು."