ರಾಮಕೃಷ್ಣನಗರದ ತಿಮಿಂಗಿಲ

ಸುದರ್ಶನ ಮೇಷ್ಟ್ರು ನೀಲಿ ತಿಮಿಂಗಿಲದ ಬೆನ್ನ ಮೇಲೆ ಕೂತು ಕಾಫಿ ಕುಡಿದವರು. ನಂಬದವರು ರಾಮಕೃಷ್ಣನಗರಕ್ಕೆ ಬಂದು ಒಂಬತ್ತನೇ ತರಗತಿಯ ಯಾವ ಮಗುವನ್ನಾದರೂ ಕೇಳಬಹುದು.

"ಕಾರವಾರದಿಂದಾಚೆ ನಡುಗಡಲು. ದೋಣಿ ಮಗುಚ್ತು. ಈಜಿ ಈಜಿ ಒಂದು ಬಂಡೆ ಹತ್ತಿದೆ. ಚಳಿಗೆ ಹಲ್ಲು ಕಟಕಟ. ಫ್ಲಾಸ್ಕ್ ತೆಗೆದು ಕಾಫಿ ಬಗ್ಗಿಸ್ಕೊಂಡೆ. ಎರಡನೇ ಗುಟುಕು ಇನ್ನೂ ಬಾಯಲ್ಲಿದೆ, ಬಂಡೆ ಉಸಿರು ಬಿಡ್ತು ಕಣ್ರೋ!"

ಆ ಶನಿವಾರ ಬೆಳಿಗ್ಗೆ ಮೇಷ್ಟ್ರು ಈ ಕತೆಗೆ ಹೊಸದಾಗಿ ಒಗ್ಗರಣೆ ಹಾಕಿದ್ದಕ್ಕೆ ಕಾರಣವಿತ್ತು. ಕರಾವಳಿಯಿಂದ ಕಡಲ ವಿಜ್ಞಾನಿ ಡಾಕ್ಟರ್ ಅನುಪಮಾ ಮಧ್ಯಾಹ್ನ ಶಾಲೆಗೆ ಬರುವವರಿದ್ದರು. ಇಪ್ಪತ್ತು ಮಕ್ಕಳನ್ನೂ ಅವರ ಜೊತೆಗೊಬ್ಬ ಮೇಷ್ಟ್ರನ್ನೂ ಆರಿಸಿ ಕಡಲ ಶಿಬಿರಕ್ಕೆ ಕರೆದೊಯ್ಯುತ್ತಾರಂತೆ. ಆ ಒಂದು ಜಾಗಕ್ಕಾಗಿ ಸುದರ್ಶನ ಮೇಷ್ಟ್ರು ವಾರದಿಂದ ನಿದ್ದೆಯಲ್ಲೂ ಕೈಕಾಲು ಬಡಿಯುತ್ತಿದ್ದರು. ತಿಮಿಂಗಿಲವನ್ನೇ ಹತ್ತಿ ಇಳಿದವರಿಗೆ ಶಿಬಿರದ ಹಂಬಲವೇಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಎರಡನೇ ಬೆಂಚಿನ ಶರಣ್ಯಾ ಕೇಳಿದ್ದು ಬೇರೆಯೇ ಪ್ರಶ್ನೆ.

"ಸಾರ್, ಅದು ಎಷ್ಟುದ್ದ ಇತ್ತು?"

"ಮೂವತ್ತು ಮೀಟರ್."

"ಅಂದ್ರೆ ಎಷ್ಟು ಸಾರ್? ಸಿಟಿ ಬಸ್ಸಿನಷ್ಟಾ?"

"ಒಂದು ಬಸ್ಸು ಅದರ ಬಾಲಕ್ಕೂ ಸಾಲದು ಕಣಮ್ಮ."

"ಬರೆದು ತೋರ್ಸಿ ಸಾರ್!" ಇಡೀ ತರಗತಿ ಕೂಗಿತು.

ವರಾಂಡದಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ಟರ್ ರುದ್ರಸ್ವಾಮಿ ಕಿಟಕಿಯಲ್ಲಿ ತಲೆ ತೂರಿಸಿದರು. "ಭೇಷ್! ಮೇಡಂ ಬರೋ ಹೊತ್ತಿಗೆ ಶಾಲೆ ಮುಂದಿನ ರಸ್ತೆಯಲ್ಲೇ ಬರೆದುಬಿಡಿ. ನೀವಂತೂ ಹತ್ತಿರದಿಂದ ನೋಡಿದೋರು."

ಹತ್ತಿರದಿಂದ ನೋಡಿದವರು ಒಂದು ಗಂಟೆ ಬೆವರು ಸುರಿಸಿ, ಒಂದು ಚೀಲ ರಂಗೋಲಿ ಪುಡಿ ಸುರಿದರು. ರಸ್ತೆಯ ಮೇಲೆ ಮೂಡಿದ್ದು ಬಾಲ ಬಂದ ಸೋರೆಕಾಯಿ.

ಎದುರು ಮನೆಯ ಶಾರದಮ್ಮ ಗೇಟು ತೆಗೆದು ಬಂದರು. ದಸರಾ ರಂಗೋಲಿ ಸ್ಪರ್ಧೆಯ ಬಹುಮಾನಗಳನ್ನು ಷೋಕೇಸಿನಲ್ಲಿಟ್ಟು ದಿನಾ ಒರೆಸುವ ಹೆಂಗಸು. "ಏನ್ ಮೇಷ್ಟ್ರೇ ಇದು, ನಮ್ಮನೆ ಬಾಗಿಲಲ್ಲಿ ತರಕಾರಿ?"

"ತಿಮಿಂಗಿಲ ಅಮ್ಮ."

"ತಿಮಿಂಗಿಲ ಆದ್ರೇನು, ಆನೆ ಆದ್ರೇನು, ಚುಕ್ಕಿ ಇಡದೆ ಗೆರೆ ಎಳೀತಾರೇನ್ರೀ ಯಾರಾದ್ರೂ?"

ಸೋರೆಕಾಯಿಯ ಮೇಲೆ ನೀರು ಬಿತ್ತು. ಶಾರದಮ್ಮ ಮೇಷ್ಟ್ರ ಪುಸ್ತಕದಲ್ಲಿದ್ದ ತಿಮಿಂಗಿಲದ ಚಿತ್ರಕ್ಕೆ ಚೌಕ ಹಾಕಿದರು. ಪುಸ್ತಕದ ಒಂದು ಚೌಕಕ್ಕೆ ರಸ್ತೆಯಲ್ಲಿ ಒಂದು ದೊಡ್ಡ ಹೆಜ್ಜೆ. ಮಕ್ಕಳು ದಾರ ಹಿಡಿದರು. ಪಕ್ಕದ ಮನೆಯ ಸಿದ್ದಲಿಂಗಮ್ಮನೂ ಸೆರಗು ಸಿಕ್ಕಿಸಿಕೊಂಡು ಇಳಿದರು. ಚುಕ್ಕಿ ಇಟ್ಟು ಮುಗಿದಾಗ ಆಕಾಶದ ನಕ್ಷತ್ರಗಳು ನಾಚಿ ಹಗಲಲ್ಲಿ ಮುಖ ತೋರಿಸಲಿಲ್ಲ.

ಅಷ್ಟರಲ್ಲಿ ಶಾರದಮ್ಮ ಕೈ ನಿಲ್ಲಿಸಿದರು. "ತಾಳಿ. ಮುಖ ಸಿದ್ದಲಿಂಗಮ್ಮನ ಬಾಗಿಲಿಗೆ, ಬಾಲ ನಮ್ಮ ಬಾಗಿಲಿಗಾ?"

"ನಿಮ್ಗ್ ಬ್ಯಾಡದಿದ್ರೆ ನಂಗ್ ಕೊಟ್ಬುಡಿ ಶಾರದಮ್ಮ," ಎಂದರು ಸಿದ್ದಲಿಂಗಮ್ಮ. "ಮುಖ ಇಟ್ಕಂಡ್ ನಾನೇನ್ ಮುತ್ತಿಡ್ಬೇಕಾ?"

ಮೇಷ್ಟ್ರು ನಡುವೆ ನುಗ್ಗಿದರು. "ಜಗಳ ಬೇಡಿ. ನಾವು ಎಳೆಯೋ ಎರಡು ಉಸಿರಲ್ಲಿ ಒಂದನ್ನ ಕೊಡೋದು ಸಮುದ್ರದಲ್ಲಿ ತೇಲೋ ಕಣ್ಣಿಗೆ ಕಾಣದಂಥ ಪಾಚಿ. ಆ ಪಾಚಿಗೆ ಗೊಬ್ಬರ ಬರೋದು ಈ ಬಾಲದ ಕಡೆಯಿಂದ."

"ಸಗಣಿನಾ?"

"ಸಗಣಿನೇ."

ಸಿದ್ದಲಿಂಗಮ್ಮ ಬಗ್ಗಿ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಅಂಗಾದ್ರೆ ಇದು ನಂದೇ."

"ಕೊಡಲ್ಲ!" ಶಾರದಮ್ಮ ಬಾಲದ ಮೇಲೆ ಕೂತೇಬಿಟ್ಟರು. "ನಮ್ಮ ಬಾಗಿಲಿಗೆ ಬಂದಿದ್ದು ನಮ್ಮದು."

ಬಾಲ ಮುಗಿಯಿತು. ಎದೆಯ ಭಾಗದಲ್ಲಿ ಅದೇ ರಸ್ತೆಯ ಪುಟ್ಟಣ್ಣನವರ ಹಳೇ ಸ್ಕೂಟರು ಅಡ್ಡ ನಿಂತಿತ್ತು. ಅದು ಓಡಿದ್ದನ್ನು ಕಂಡವರು ಯಾರೂ ಇರಲಿಲ್ಲ. "ನಾನ್ ತೆಗೆಯೋದಿಲ್ಲ ಕಣ್ರೀ," ಎಂದರು ಪುಟ್ಟಣ್ಣ, ಬನಿಯನ್ನಿನಲ್ಲೇ ಹೊರಗೆ ಬಂದು. "ನಿಮ್ಮ ಮೀನಿಗೆ ಪಕ್ಕಕ್ಕೆ ಹೋಗೋಕೆ ಹೇಳಿ."

ಮೇಷ್ಟ್ರು ಸ್ಕೂಟರನ್ನೇ ನೋಡುತ್ತ ನಿಂತರು. ಅವರ ಮುಖ ಬೆಳಗಿತು. "ಬೇಡ, ತೆಗೀಬೇಡಿ! ತಿಮಿಂಗಿಲದ ಹೃದಯ ಹೆಚ್ಚುಕಮ್ಮಿ ಇಷ್ಟೇ ಇರುತ್ತೆ. ಇದೇ ಹೃದಯ!"

ಪುಟ್ಟಣ್ಣ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. "ಬಡೀಬೇಕಲ್ವಾ ಹಾಗಾದ್ರೆ?" ಎಂದು ಕಿಕ್ಕರ್ ತುಳಿದರು.

ಡಗ್.

ಮತ್ತೆ ಸುದ್ದಿಯಿಲ್ಲ. ತುಳಿದರು, ತುಳಿದರು. ನಕ್ಕವರೆಲ್ಲ ನಕ್ಕು ಸುಸ್ತಾದ ಮೇಲೆ ಇನ್ನೊಂದು: ಡಗ್.

"ನಗಬೇಡ್ರೋ," ಎಂದರು ಮೇಷ್ಟ್ರು ತಗ್ಗಿದ ದನಿಯಲ್ಲಿ. "ಆಳಕ್ಕೆ ಮುಳುಗಿದಾಗ ಅದರ ಹೃದಯ ನಿಮಿಷಕ್ಕೆ ಎರಡು ಸಲ ಬಡಿಯೋಷ್ಟು ನಿಧಾನ ಆಗಿಬಿಡುತ್ತೆ. ಕತ್ತಲು. ಮೇಲೆ ಬೆಟ್ಟದಷ್ಟು ನೀರು. ಒಂದು ಬಡಿತ. ಆಮೇಲೆ ಕಾಯಬೇಕು."

ಮಕ್ಕಳು ಒಬ್ಬೊಬ್ಬರಾಗಿ ಬಾಯಿಯ ಕಡೆಯಿಂದ ಒಳಗೆ ಬಂದರು. ಒಂಬತ್ತನೇ ತರಗತಿಯೆಲ್ಲ ಬಂದರೂ ತಿಮಿಂಗಿಲ ತುಂಬಲಿಲ್ಲ. ಹತ್ತನೇ ತರಗತಿಯೂ ಬಂತು. ಇನ್ನೂ ಜಾಗವಿತ್ತು. ಶರಣ್ಯಾ ಕಣ್ಣಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಇಷ್ಟು ದೊಡ್ಡ ಮೈಗೆ ಚಕ್ಕೋತದಷ್ಟೇ ಕಣ್ಣೇ ಎಂದು ಅದನ್ನು ದಿಟ್ಟಿಸಿದಳು. ಪ್ರತಿಯೊಬ್ಬರೂ ಮುಂದಿನ ಡಗ್‌ಗಾಗಿ ಕಾಯುತ್ತಿದ್ದರು. ಶಾರದಮ್ಮನ ಕುಕ್ಕರು ಒಳಗೆ ಕೂಗಿ ಕೂಗಿ ಸಾಕಾಗಿ ಸುಮ್ಮನಾಯಿತು.

ಡಾಕ್ಟರ್ ಅನುಪಮಾ ಆಟೋ ಇಳಿದದ್ದು ಆ ಹೊತ್ತಿಗೆ. ಚಪ್ಪಲಿ ಬಿಟ್ಟು, ಗೆರೆ ತುಳಿಯದಂತೆ ಬಾಲದಿಂದ ಮೂತಿಯವರೆಗೆ ನಡೆದರು.

"ಇಷ್ಟು ವರ್ಷ ಮಕ್ಕಳಿಗೆ ಪರದೆ ಮೇಲೆ ತೋರಿಸಿದ್ದೀನಿ," ಎಂದರು. "ಇದು ಇಷ್ಟು ದೊಡ್ಡದು ಅಂತ ನನ್ನ ಮೈಗೆ ಗೊತ್ತಾಗಿದ್ದು ಇವತ್ತೇ. ಯಾರು ಮಾಡಿಸಿದ್ದು?"

ರಸ್ತೆಯೇ ಒಂದಾಗಿ ಸುದರ್ಶನ ಮೇಷ್ಟ್ರನ್ನು ಮುಂದಕ್ಕೆ ತಳ್ಳಿತು.

"ನಮ್ಮ ಸುದರ್ಶನ್, ಮೇಡಂ!" ರುದ್ರಸ್ವಾಮಿ ಎದೆಯುಬ್ಬಿಸಿದರು. "ಸಮುದ್ರ ಅಂದ್ರೆ ಅವರಿಗೆ ಹಿತ್ತಲು. ತಿಮಿಂಗಿಲದ ಮೇಲೇ ಕೂತು ಬಂದೋರು. ಶಿಬಿರಕ್ಕೆ ಇವರೇ ಸರಿ."

ಅನುಪಮಾರ ಮುಖ ಸಣ್ಣದಾಯಿತು. "ಅಯ್ಯೋ, ಹಾಗಾದ್ರೆ ಕಷ್ಟ ಸಾರ್. ಸಮುದ್ರ ನೋಡಿರೋ ಮೇಷ್ಟ್ರು ದಡದಲ್ಲೂ ಪಾಠಾನೇ ಮಾಡ್ತಾರೆ. ನೋಡದೇ ಇರೋರು ಮಕ್ಕಳ ಜೊತೆ ಬಾಯಿ ಬಿಟ್ಕೊಂಡು ನಿಲ್ತಾರೆ. ನಮಗೆ ಬೇಕಾದ್ದು ಅದು. ಒಂದು ಸಲಾನೂ ಸಮುದ್ರ ನೋಡದೇ ಇರೋರು ಯಾರಾದ್ರೂ ಇದ್ದಾರಾ?"

"ನಾನು ಮೇಡಂ," ಡ್ರಿಲ್ ಮೇಷ್ಟ್ರು ಯೋಗೇಂದ್ರ ಸಂಕೋಚದಿಂದ ಕೈಯೆತ್ತಿದರು.

ಸುಳ್ಳು ಹೇಳುವಾಗ ಒಮ್ಮೆಯೂ ತೊದಲದ ಸುದರ್ಶನ ಮೇಷ್ಟ್ರ ನಾಲಿಗೆ ಈಗ ತೊದಲಿತು.

"ಮೇಡಂ... ನಾನೂ ನೋಡಿಲ್ಲ. ಕಾರವಾರ ಸುಳ್ಳು. ದೋಣಿ ಸುಳ್ಳು. ನಂಗೆ ಈಜೇ ಬರಲ್ಲ. ನಾನು ಕಂಡಿರೋ ದೊಡ್ಡ ನೀರು ಅಂದ್ರೆ ಕೆಆರ್‌ಎಸ್ ಹಿನ್ನೀರು. ಪುಸ್ತಕದಲ್ಲಿ ಓದಿ ಓದಿ, ಒಂದ್ಸಲ ನೋಡ್ಬೇಕು, ನೋಡ್ಬೇಕು ಅಂತ... ನೋಡಿದೋರ ಥರ ಹೇಳ್ತಾ ಹೋದೆ. ದಮ್ಮಯ್ಯ, ಇದೊಂದು ನಿಜ."

ತಿಮಿಂಗಿಲದ ಮೂತಿಯಿಂದ ಬಾಲದವರೆಗೆ ನಗು ಹೊರಳಿತು.

"ಸೀಟಿಗೋಸ್ಕರ ಎಂಥಾ ಆಕ್ಟಿಂಗ್ ರೀ!" ಪುಟ್ಟಣ್ಣ ಚಪ್ಪಾಳೆ ತಟ್ಟಿದರು.

"ಪಾಪ, ಯೋಗೇಂದ್ರ ಮೇಷ್ಟ್ರು ಹೋಗಿ ಬರ್ಲಿ ಬುಡಿ ಸ್ವಾಮಿ," ಎಂದರು ಸಿದ್ದಲಿಂಗಮ್ಮ. "ನೀವು ಸವಾರಿ ಮಾಡಿದ್ದಾಯ್ತಲ್ಲ."

ರುದ್ರಸ್ವಾಮಿ ಯೋಗೇಂದ್ರರ ಕೈ ಕುಲುಕಿದರು. ಮೇಷ್ಟ್ರು ಕೊನೆಯ ಆಸೆಯಿಂದ ಶರಣ್ಯಾಳ ಕಡೆ ತಿರುಗಿದರು. "ನೀನಾದ್ರೂ ನಂಬು ಕಣಮ್ಮ."

ಶರಣ್ಯಾ ತುಂಬಾ ಹೊತ್ತು ಯೋಚಿಸಿದಳು. ಮೇಷ್ಟ್ರ ಮೇಲೆ ಅವಳಿಗೆ ಪ್ರೀತಿಯಿತ್ತು.

"ತಿಮಿಂಗಿಲದ್ದು ನಂಬಿದ್ದೆ ಸಾರ್," ಎಂದಳು ಮೆಲ್ಲಗೆ. "ಇದು ಮಾತ್ರ ತೀರಾ ಜಾಸ್ತಿ ಆಯ್ತು."